ಗೌರಜ್ಜಿಗೆ ಬೆಳಿಗ್ಗೆ ಎಂಟರ ಮಾತ್ರೆ

"ಇವಳನ್ನ ಯಾರಾದರೂ ಬೊಂಬೆ ಅಂತ ಕರೆದರೆ ಇಂಟರ್ನಲ್ ಮಾರ್ಕ್ಸ್‌ನಲ್ಲಿ ಐದು ಕಟ್!" ಎಂದು ಗುಡುಗಿ ಕಲ್ಲೇಶಪ್ಪ ಮೇಷ್ಟ್ರು ಮಂಚದ ಮೇಲಿನ ಬಿಳಿ ಹೊದಿಕೆಯನ್ನು ಸರ್ರನೆ ಎಳೆದರು.

ಅರಸೀಕೆರೆಯ ಆ ನರ್ಸಿಂಗ್ ಕಾಲೇಜಿನ ಪ್ರಾಕ್ಟಿಕಲ್ ಹಾಲಿನಲ್ಲಿ ಕಿಕ್ಕಿರಿದು ನಿಂತಿದ್ದ ಕೊನೆಯ ವರ್ಷದವರೆಲ್ಲ ಒಂದೇ ಸಲಕ್ಕೆ ಹಿಂದೆ ಸರಿದರು. ಮಂಚದ ಮೇಲೆ ಸಾಕ್ಷಾತ್ ಒಬ್ಬ ಅಜ್ಜಿ ಮಲಗಿದ್ದಳು! ನರೆತ ತಲೆ, ಗಂಟು ಕಟ್ಟಿದ ತುರುಬು, ಹಣೆಯ ಮೇಲೆ ಕಾಸಿನಗಲ ಕುಂಕುಮ. ಪಾದಗಳು ಮಾತ್ರ ಊದಿ ಊದಿ ಎರಡು ಕುಂಬಳಕಾಯಿಗಳ ಹಾಗಿದ್ದವು. ಅಜ್ಜಿ ಕಣ್ಣು ಬಿಟ್ಟಳು. ಸುತ್ತಲೂ ನೋಡಿದಳು. "ಇದೇನು, ನನ್ನ ನೋಡೋಕೆ ಇಷ್ಟೊಂದು ಜನ? ಕಾಫಿ ಗೀಫಿ ಕೊಟ್ಟಿದೀರೇನಪ್ಪ ಇವರಿಗೆ?" ಎಂದಳು.

ಮೇಷ್ಟ್ರ ಮುಖದಲ್ಲಿ ಹೆಮ್ಮೆ ಉಕ್ಕಿ ಮೀಸೆಯವರೆಗೂ ಬಂತು. ಕಲ್ಲೇಶಪ್ಪನವರು ಆ ಕಾಲೇಜಿನಲ್ಲಿ ಔಷಧಶಾಸ್ತ್ರ ಹೇಳಿಕೊಡುವವರು. ಮಿಕ್ಕ ಹೊತ್ತೆಲ್ಲ ಯಂತ್ರ ಕಂಡುಹಿಡಿಯುವವರು. ಹಿಂದಿನ ವರ್ಷ ಅವರು ನರ್ಸಿನ ಹಿಂದೆ ತಾನೇ ಉರುಳಿಕೊಂಡು ಬರುವ ಡ್ರಿಪ್ ಸ್ಟ್ಯಾಂಡ್ ಮಾಡಿದ್ದರು. ಬಿಳಿ ಬಟ್ಟೆ ಕಂಡರೆ ಹಿಂಬಾಲಿಸು ಎಂದು ಅದಕ್ಕೆ ಕಲಿಸಿದ್ದರು. ಅದು ಚುನಾವಣೆಯ ಕಾಲ. ಸ್ಟ್ಯಾಂಡು ಗೇಟು ದಾಟಿ ಖಾದಿ ಜುಬ್ಬಾಗಳ ಮೆರವಣಿಗೆ ಸೇರಿಕೊಂಡು ರೈಲ್ವೆ ಸ್ಟೇಷನ್ನಿನವರೆಗೂ ಪ್ರಚಾರ ಮಾಡಿ ಬಂತು!

"ಹೆಸರು ಗೌರಜ್ಜಿ," ಎಂದರು ಮೇಷ್ಟ್ರು. "ಎದೆಯೊಳಗೆ ಲಬ್‌ಡಬ್ ಇದೆ, ಕೈಯಲ್ಲಿ ನಾಡಿ ಇದೆ, ಬಿಪಿ ಏರುತ್ತೆ, ಇಳಿಯುತ್ತೆ. ನಾಲಿಗೆಯಲ್ಲಿ ಸೆನ್ಸರ್ ಇದೆ. ಹೃದಯ ಸೋತು ಕಾಲಲ್ಲಿ ನೀರು ತುಂಬಿರೋ ಕೇಸು ಇವಳದು. ನೀವು ಒಂದು ಬಿಳಿ ಪೆಪ್ಪರಮೆಂಟು ಬಾಯಿಗೆ ಹಾಕಿದರೆ ಸಾಕು, ಅದನ್ನ ಇವಳು ಫ್ರುಸೆಮೈಡ್ ನಲವತ್ತು ಮಿಲಿಗ್ರಾಂ ಅಂತ ತಿಳ್ಕೋತಾಳೆ. ಅಂದರೆ ಯಾವ ಮಾತ್ರೆ?"

"ನೀರಿನ ಮಾತ್ರೆ ಸಾರ್!" ಎಂದಿತು ಕ್ಲಾಸು. ಮೈಯಲ್ಲಿ ಸೇರಿಕೊಂಡ ನೀರನ್ನು ಮೂತ್ರದ ದಾರಿಯಲ್ಲಿ ಆಚೆ ಓಡಿಸುವ ಆ ಮಾತ್ರೆಗೆ ವಾರ್ಡಿನ ಮುದುಕ ಮುದುಕಿಯರೆಲ್ಲ ಇಟ್ಟಿರುವ ಹೆಸರು ಅದೇ.

"ಶಭಾಷ್! ನುಂಗಿದ ಮೇಲೆ ಇವಳಿಗೆ ನಿಜವಾಗಲೂ ಒಂದಕ್ಕೆ ಹೋಗುತ್ತೆ. ಮಧ್ಯದಲ್ಲಿ ನೀರು ಖಾಲಿ ಆಗಬಾರದು ಅಂತ ಕಾಲೇಜಿನ ಓವರ್‌ಹೆಡ್ ಟ್ಯಾಂಕಿಂದಾನೇ ಪೈಪ್ ಎಳೆದಿದೀನಿ."

"ಸಾರ್, ಹಾಸ್ಟೆಲ್ಲಿನ ಬಾತ್‌ರೂಮಿಗೇ ಆ ಟ್ಯಾಂಕಿನ ನೀರು ಬರ್ತಿಲ್ಲ!" ಎಂದು ಹಿಂದಿನಿಂದ ಯಾರೋ ಗೊಣಗಿದರು.

ಮೇಷ್ಟ್ರು ಅದನ್ನು ಕಿವಿಗೆ ಹಾಕಿಕೊಳ್ಳದೆ ಚಮಚದಲ್ಲಿ ಪೆಪ್ಪರಮೆಂಟು ಹಿಡಿದು ಅಜ್ಜಿಯ ಬಳಿ ಬಾಗಿದರು. "ತಗೋಳಿ ಅಜ್ಜಿ, ಮಾತ್ರೆ."

"ಇದು ಉಷ್ಣ ಅಲ್ವೇನಪ್ಪ?"

"ಅಲ್ಲ ಅಜ್ಜಿ."

"ಅರ್ಧ ಕೊಡು. ಇನ್ನರ್ಧ ನಾಳೆಗಿರಲಿ. ಪಕ್ಕದ್ಮನೆ ಸಾವಿತ್ರಿಗೂ ಕಾಲು ನೋವಂತೆ, ಅವಳಿಗೂ ಒಂದು ಕಟ್ಟಿಕೊಡು."

"ಅಜ್ಜಿ, ಪೂರ್ತಿ ನುಂಗಬೇಕು!"

ಅಜ್ಜಿ ಬಾಯಿ ತೆರೆದಳು, ನೀರು ಕುಡಿದಳು, ಗುಟುಕ್ ಎಂದಳು. ಮೇಷ್ಟ್ರು ಅನುಮಾನದಿಂದ ಕೆನ್ನೆ ಒತ್ತಿದರೆ ಮಾತ್ರೆ ದವಡೆಯ ಸಂದಿಯಿಂದ ಟಣ್ ಎಂದು ಹೊರಗೆ ಹಾರಿತು! ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಮ್ಮ ಅತ್ತೆಯವರ ಸ್ವಭಾವ ಪೂರಾ ಇಳಿಸಿಬಿಟ್ಟಿದೀನಿ," ಎಂದರು ಮೇಷ್ಟ್ರು ಗುಟ್ಟಿನ ದನಿಯಲ್ಲಿ. "ಅವರು ಒಪ್ಪಿಗೆ ಕೊಟ್ಟಿದಾರೆ. ಅವರಿಗೆ ನಾನಿನ್ನೂ ಹೇಳಿಲ್ಲ, ಅಷ್ಟೆ."

ಎಲ್ಲರ ಹಿಂದೆ ಗೋಡೆಗೊರಗಿ ನಿಂತಿದ್ದ ಜರೀನಾ ತಾಜ್ ಕೈ ಎತ್ತಿದಳು. ಕ್ಲಾಸು "ಶುರುವಾಯ್ತು!" ಎಂದು ನಿಟ್ಟುಸಿರು ಬಿಟ್ಟಿತು.

"ಸಾರ್, ಒಬ್ಬರದು ಮುಗಿದ ಮೇಲೆ ಇನ್ನೊಬ್ಬರು ಬರೋ ಮುಂಚೆ ಯಂತ್ರನ ಮೊದಲಿನ ಹಾಗೆ ಮಾಡೋಕೆ ಬಟನ್ ಎಲ್ಲಿದೆ?"

"ಬಟನ್ನಾ?" ಮೇಷ್ಟ್ರಿಗೆ ತಮ್ಮ ಮರ್ಯಾದೆಗೇ ಕೈ ಹಾಕಿದ ಹಾಗಾಯಿತು. "ನಿಜವಾದ ರೋಗಿಗೆ ಬಟನ್ ಇರುತ್ತೇನಮ್ಮ? ನಮ್ಮತ್ತೆಗೆ ಇದೆಯಾ? ಇದ್ದಿದ್ದರೆ ನಾನು ಯಾವತ್ತೋ ಒತ್ತಿರ್ತಿದ್ದೆ! ಕೂತ್ಕೋ, ಕೂತ್ಕೋ."

ಕೂರಲು ಅಲ್ಲಿ ಬೆಂಚಿರಲಿಲ್ಲ. ಜರೀನಾ ನಿಂತಲ್ಲೇ ಇನ್ನಷ್ಟು ಗೋಡೆಗೊತ್ತಿಕೊಂಡಳು.

ಈ ಜರೀನಾಳ ಕಷ್ಟವೇ ಅದು. ಪ್ರಶ್ನೆ. ಹೋದ ವರ್ಷ ಇದೇ ಪರೀಕ್ಷೆಯಲ್ಲಿ ಅವಳು ಹಳೆಯ ಪ್ಲಾಸ್ಟಿಕ್ ಬೊಂಬೆಯ ಮುಂದೆ ನಿಂತು, "ಅಮ್ಮಾ, ನಿಮಗೆ ಯಾವುದಾದರೂ ಔಷಧಿ ಒಗ್ಗಲ್ವಾ? ತಲೆ ಸುತ್ತುತ್ತಾ? ಊಟ ಆಯ್ತಾ?" ಎಂದು ಒಂದೊಂದೇ ಕೇಳಿ, ಪ್ರತಿ ಸಲವೂ ಬೊಂಬೆ ಉತ್ತರ ಕೊಡಲಿ ಎಂದು ಮರ್ಯಾದೆಯಿಂದ ಕಾದಿದ್ದಳು. ಬೊಂಬೆ ಎಲ್ಲಿಂದ ಉತ್ತರ ಕೊಟ್ಟೀತು, ಪಾಪ! ಹತ್ತು ನಿಮಿಷ ಮುಗಿದಾಗ ಮಾತ್ರೆ ಇನ್ನೂ ಅವಳ ಕೈಯಲ್ಲೇ ಇತ್ತು. ಫೇಲು. ಓರಗೆಯವರೆಲ್ಲ ಬಿಳಿ ಕೋಟು ಹಾಕಿಕೊಂಡು ಕೆಲಸಕ್ಕೆ ಹೋದರು, ಇವಳು ಕಿರಿಯರ ಜೊತೆ ಮತ್ತೆ ಅದೇ ಬೆಂಚು. ಈಗ ತಿಪಟೂರಿನ ಒಂದು ನರ್ಸಿಂಗ್ ಹೋಮಿನ ಡಾಕ್ಟರಮ್ಮ, "ನಿನ್ನ ರಿಸಲ್ಟ್ ಬರೋವರೆಗೂ ಜಾಗ ಇಟ್ಟಿರ್ತೀನಿ, ಈ ಸಲ ಮಾತ್ರ ಕೈ ಕೊಡಬೇಡ," ಎಂದಿದ್ದರು. ಈ ಸಲ ಫೇಲಾದರೆ ಆ ಕೆಲಸಕ್ಕೆ ಸಲಾಮು. ಮನೆಯಲ್ಲಿ ಅಮ್ಮಿ ಬಾಯಿ ಬಿಟ್ಟು ಏನೂ ಹೇಳುವುದಿಲ್ಲ. ಹೊಲಿಗೆ ಯಂತ್ರವನ್ನು ಸ್ವಲ್ಪ ಜೋರಾಗಿ ತುಳಿಯುತ್ತಾಳೆ, ಅಷ್ಟೆ. ಜರೀನಾಳಿಗೆ ಆ ಸದ್ದೇ ಭಯ.

ಅದಕ್ಕೇ ಗೆಳತಿ ರತ್ನಪ್ರಭಾ ಅವಳಿಗೆ ಪಾಠ ಮಾಡಿದ್ದಳು. "ಲೇ, ಈ ಸಲ ಬಾಯಿಗೆ ಬೀಗ ಹಾಕ್ಕೋ! ಐದು ಸರಿ ಪಟಪಟ ಹೇಳು, ಮಾತ್ರೆ ಹಾಕು, ನೀರು ಕುಡಿಸು, ಸಹಿ ಮಾಡು, ಆಚೆ ಬಾ. ಅಜ್ಜಿ ಯೋಗಕ್ಷೇಮ ನಿನಗ್ಯಾಕೆ? ಅವಳೇನು ನಿನ್ನ ಮದುವೆಗೆ ಬರ್ತಾಳಾ?"

"ಐದು ಸರಿ" ಎಂದರೆ ಔಷಧಿ ಕೊಡುವವರ ಮಗ್ಗಿ. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಆ ಕಾಲೇಜಿನವರು ಒಂದೇ ಉಸಿರಿಗೆ ಒದರುತ್ತಾರೆ. ಒದರಿದ ಮೇಲೆ ನೋಡಬೇಕಾದ್ದೂ ಇದೆ ಎಂಬುದು ಮಾತ್ರ ಹಗಲಿನಲ್ಲೂ ನೆನಪಾಗುವುದಿಲ್ಲ.

ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರಾಗಿ ಧಾರವಾಡದಿಂದ ಬಂದವರು ಪ್ರೊಫೆಸರ್ ಇಂದುಮತಿ ದೇಶಪಾಂಡೆ. ಕೊರಳಲ್ಲಿ ಕನ್ನಡಕ, ಕೈಯಲ್ಲಿ ಸ್ಟಾಪ್‌ವಾಚು. ಬಂದವರೇ ಹಾಲನ್ನು ಒಂದು ಸುತ್ತು ನೋಡಿ, "ಹತ್ತು ನಿಮಿಷ ಅಂದ್ರ ಹತ್ತ ನಿಮಿಷ. ಹನ್ನೊಂದನೇ ನಿಮಿಷಕ್ಕ ನಾ ನಿಮ್ಮ ಮಾರಿ ಸೈತ ನೋಡಂಗಿಲ್ಲ," ಎಂದರು.

ಅಲ್ಲಿಯ ಪರೀಕ್ಷೆಗೊಂದು ಹಳೆಯ ಪದ್ಧತಿಯಿತ್ತು. ಮಂಚದ ತಲೆದೆಸೆಗೆ ರಟ್ಟಿನ ಗಡಿಯಾರವೊಂದನ್ನು ನೇತುಹಾಕುತ್ತಿದ್ದರು. ಅದರಲ್ಲಿ ಯಾವಾಗಲೂ ಬೆಳಿಗ್ಗೆ ಎಂಟು. ಮಾತ್ರೆ ಎಂಟಕ್ಕೆ ಎಂದು ಕೇಸ್‌ಶೀಟಿನಲ್ಲಿ ಬರೆದ ಮೇಲೆ, ಮಧ್ಯಾಹ್ನ ಒಳಗೆ ಹೋದವನಿಗೂ ಎಂಟೇ ಆಗಬೇಕಲ್ಲ! ಪ್ರತಿಯೊಬ್ಬರೂ ತಾವೇ ಮೊದಲನೆಯವರು ಎಂದುಕೊಂಡು ಹೋಗುವುದು, ಎಂಟರ ಮಾತ್ರೆ ಕೊಟ್ಟು ಹಿಂದಿನ ಬಾಗಿಲಿನಿಂದ ಊಟದ ಹಾಲಿಗೆ ಹೋಗಿ ಬಾಯಿ ಮುಚ್ಚಿಕೊಂಡು ಕೂರುವುದು. ಹಳೆಯ ಬೊಂಬೆ ಇದ್ದಷ್ಟು ಕಾಲ ಈ ಏರ್ಪಾಡಿನಿಂದ ಯಾರಿಗೂ ಏನೂ ಆಗಿರಲಿಲ್ಲ.

ಹಾಜರಿ ಇಂಗ್ಲಿಷ್ ಅಕ್ಷರಗಳ ಸಾಲಿನಲ್ಲಿ. ಹಾಗಾಗಿ ಅಂಬಿಕಾ ಮೊದಲು, ಜರೀನಾ ಕಟ್ಟಕಡೆಗೆ. ಅವಳು ವರಾಂಡದ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತಳು. ಅಲ್ಲಿ ಕಿಟಕಿಯ ಕೆಳಗಿನ ಗಾಜು ಒಡೆದು ಒಂದು ಕಿಂಡಿಯಾಗಿತ್ತು. ಅದರಿಂದ ಒಳಗಿನವರ ಮೊಣಕಾಲಿನ ಕೆಳಗಷ್ಟೇ ಕಾಣುತ್ತಿತ್ತು. ಕಣ್ಣಿಗೆ ನೇರವಾಗಿ ಗೌರಜ್ಜಿಯ ಎರಡು ಊದಿದ ಪಾದ. ಆಚೆಗೆ ದೇಶಪಾಂಡೆ ಮೇಡಂ ಅವರ ಕೊಲ್ಹಾಪುರಿ ಚಪ್ಪಲಿ.

"ಸರಿಯಾದರೋಗಿಸರಿಯಾದಔಷಧಿಸರಿಯಾದಪ್ರಮಾಣ..." ಎಂದು ಅಂಬಿಕಾಳ ದನಿ ಕೇಳಿಸಿತು. ಅಜ್ಜಿ "ಇದು ಉಷ್ಣ ಅಲ್ವೇನಮ್ಮ?" ಎಂದಳು. ಅಂಬಿಕಾ ಉತ್ತರ ಕೊಡದೆ ಮಾತ್ರೆ ಹಾಕಿ ಹೊರಟಳು. ಮಂಚದ ಪಕ್ಕದ ಚೀಲದಲ್ಲಿ ತೊಟ್ ತೊಟ್ ಎಂದು ನೀರು ಬಿತ್ತು. "ವಾಹ್!" ಎಂದರು ಕಲ್ಲೇಶಪ್ಪ ಮೇಷ್ಟ್ರು.

ಎರಡನೆಯವನು, ಮೂರನೆಯವಳು. ತೊಟ್ ತೊಟ್ ಹೋಗಿ ಸಳಸಳ ಆಯಿತು. "ಬಾಯಿ ಒಣಗ್ತಿದೆ ಕಣಪ್ಪ, ಒಂದು ಲೋಟ ಎಳನೀರು ಕೊಡೋ," ಎಂದಳು ಅಜ್ಜಿ. ಅರಸೀಕೆರೆಯಲ್ಲಿ ಎಳನೀರಿಗೆ ಬರವೇ? ಆದರೆ ಆಗ ಒಳಗಿದ್ದ ಬಸವರಾಜನ ತಲೆಯಲ್ಲಿ ಎಳನೀರಿಗೆ ಅಂಕವಿರಲಿಲ್ಲ. ಐದು ಸರಿ ಹೇಳಿ ಆರನೆಯದಾಗಿ ಸಹಿ ಹಾಕಿ ಓಡಿದ.

ಜರೀನಾಳಿಗೆ ಆ ಪಾದಗಳಿಂದ ಕಣ್ಣು ಕೀಳಲಾಗಲಿಲ್ಲ. ಕುಂಬಳಕಾಯಿಗಳು ಸೊರಗುತ್ತಿದ್ದವು! ಹತ್ತು ಗಂಟೆಗೆ ಅವು ಸೌತೆಕಾಯಿಯಾಗಿದ್ದವು. ಹನ್ನೊಂದಕ್ಕೆ ಬೆರಳುಗಳು ಬೇರೆಬೇರೆಯಾಗಿ ಎಣಿಸುವಂತಾದವು. ಹನ್ನೆರಡರ ಹೊತ್ತಿಗೆ ಒಣಗಿದ ನುಗ್ಗೆಕಾಯಿ! ಚೀಲ ತುಂಬಿ ಉಕ್ಕಿ ನೆಲದ ಮೇಲೆ ನೀರು ಹರಿಯತೊಡಗಿತ್ತು. ಕೊಲ್ಹಾಪುರಿ ಚಪ್ಪಲಿಗಳು ನೆಲ ಬಿಟ್ಟು ಕುರ್ಚಿಯ ಅಡ್ಡಪಟ್ಟಿಯ ಮೇಲೇರಿದವು.

"ಏನ್ರೀ ಕಲ್ಲೇಶಪ್ಪ, ಇದೇನ್ ಕೆರಿ ಕೋಡಿ ಬಿದ್ದಂಗ!"

"ಯಂತ್ರಕ್ಕೆ ಉತ್ಸಾಹ ಸ್ವಲ್ಪ ಜಾಸ್ತಿ ಮೇಡಂ! ಮೊದಲನೇ ದಿನ ಅಲ್ವಾ?"

"ನಿಮ್ಮ ಉತ್ಸಾಹ ನನ್ನ ಸೀರಿಗೆ ಬಂತ್ರೀ! ಒರಸರಿ ಮೊದಲ!"

ಮೇಷ್ಟ್ರ ಬರಿಗಾಲುಗಳು ಮಾಪ್ ಹಿಡಿದು ಅತ್ತಿಂದಿತ್ತ ಓಡಾಡತೊಡಗಿದವು. ಅವರು ಒರೆಸಿದಷ್ಟೂ ಟ್ಯಾಂಕು ಕೊಡುತ್ತಲೇ ಇತ್ತು. ಅಜ್ಜಿ ಮಾತ್ರ ಒಂದೇ ರಾಗ. "ತಲೆ ಸುತ್ತುತ್ತೆ ಕಣ್ರೋ... ಮೀನಖಂಡ ಹಿಡ್ಕೊಂಡಿದೆ ಕಣ್ರೋ..."

ಮಹಾಲಿಂಗನ ಸರದಿ ಬಂತು. ಹೈಸ್ಕೂಲಿನಲ್ಲಿ ಕಬಡ್ಡಿ ಆಡಿದ ಗಟ್ಟಿ ಆಳು. "ಸರಿಯಾದ ಮಾರ್ಗ, ಬಾಯಿಯ ಮೂಲಕ!" ಎಂದು ಗರ್ಜಿಸಿ ಮಾತ್ರೆ ಹಾಕಿದ. ಅಷ್ಟೇ! ಅಜ್ಜಿಯ ಬಲಗಾಲು ಸೆಟೆದು, ಮೇಲೆದ್ದು, ಚಟೀರನೆ ಒದೆಯಿತು. ಮಹಾಲಿಂಗ ಟ್ರೇ ಸಮೇತ ಜಾರಿಕೊಂಡು ಹೋಗಿ ಗೋಡೆ ಮುಟ್ಟಿ, "ಔಟ್!" ಎಂದು ತಾನೇ ಕೂಗಿದ. ಪೆಪ್ಪರಮೆಂಟುಗಳು ನೀರಿನ ಮೇಲೆ ತೇಲಿಕೊಂಡು ವರಾಂಡದ ಬಾಗಿಲಿನವರೆಗೂ ಬಂದವು.

"ಸ್ನಾಯು ಸೆಳೆತ," ಎಂದು ಜರೀನಾ ತನ್ನಷ್ಟಕ್ಕೇ ಅಂದುಕೊಂಡಳು. ಮೂತ್ರದ ಜೊತೆ ಪೊಟ್ಯಾಷಿಯಮ್ಮೂ ಕೊಚ್ಚಿಕೊಂಡು ಹೋಗಿದೆ. ಆ ಉಪ್ಪು ಕಡಿಮೆಯಾದರೆ ಕಾಲು ಹಿಡಿದುಕೊಳ್ಳುತ್ತದೆ, ಇನ್ನೂ ಇಳಿದರೆ ಹೃದಯವೇ ತಾಳ ತಪ್ಪುತ್ತದೆ. ಆಮೇಲೆ ಅವಳೇ ತಲೆ ಕೊಡವಿಕೊಂಡಳು. "ಬಾಯಿಗೆ ಬೀಗ, ಬಾಯಿಗೆ ಬೀಗ! ಅದು ಯಂತ್ರ. ನನಗೇನು!"

ರತ್ನಪ್ರಭಾ ಒಳಗೆ ಹೋಗುವಾಗ ಇವಳ ಭುಜ ತಟ್ಟಿ, "ನೆನಪಿರಲಿ," ಎಂದು ಸನ್ನೆ ಮಾಡಿದಳು. ಅವಳು ಒಳಗಿದ್ದದ್ದು ನಾಲ್ಕೇ ನಿಮಿಷ. ಅಜ್ಜಿಯ ಎರಡು ಒದೆಗಳನ್ನು ಸಲೀಸಾಗಿ ತಪ್ಪಿಸಿಕೊಂಡು ಕೆಲಸ ಮುಗಿಸಿದಳಂತೆ. "ಭಾಳ ಚುರುಕ ಹುಡುಗಿ," ಎಂದ ಮೇಡಂ ದನಿ ಹೊರಗೂ ಕೇಳಿಸಿತು. ಜರೀನಾಳಿಗೆ ಹೊಟ್ಟೆಕಿಚ್ಚಾಯಿತು, ಧೈರ್ಯವೂ ಬಂತು.

"ಜರೀನಾ ತಾಜ್!"

ಪ್ಯಾಂಟಿನ ಅಂಚು ಮಡಚಿಕೊಂಡು ಪಾದ ಮುಳುಗುವ ನೀರಿನಲ್ಲಿ ಅವಳು ಒಳಗೆ ನಡೆದಳು. ದೇಶಪಾಂಡೆ ಮೇಡಂ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಕಲ್ಲೇಶಪ್ಪ ಮೇಷ್ಟ್ರು ಮಾಪಿಗೆ ಗದ್ದವಾನಿಸಿ ಏದುಸಿರು ಬಿಡುತ್ತಿದ್ದರು. ರಟ್ಟಿನ ಗಡಿಯಾರದಲ್ಲಿ ಬೆಳಿಗ್ಗೆ ಎಂಟು. ಪಶ್ಚಿಮದ ಕಿಟಕಿಯಿಂದ ಬಿಸಿಲು ಒಳಗೆ ಬರುತ್ತಿತ್ತು.

"ನೀನ ಮೊದಲನೇದಾಕಿ ಅಂತ ತಿಳಕೊ," ಎಂದು ಮೇಡಂ ಸ್ಟಾಪ್‌ವಾಚು ಒತ್ತಿದರು. "ಹೂಂ, ಚಾಲೂ!"

ಜರೀನಾ ಕೈ ತೊಳೆದಳು. ಕೇಸ್‌ಶೀಟು ನೋಡಿದಳು. ಅಜ್ಜಿಯ ಕೈಪಟ್ಟಿ ನೋಡಿದಳು. "ಸರಿಯಾದ ರೋಗಿ. ಸರಿಯಾದ ಔಷಧಿ. ಸರಿಯಾದ ಪ್ರಮಾಣ. ಸರಿಯಾದ ಮಾರ್ಗ," ಎಂದು ಮಾತ್ರೆಯನ್ನು ಚಮಚಕ್ಕೆ ಹಾಕಿಕೊಂಡಳು. "ಸರಿಯಾದ..."

ಅಜ್ಜಿ ಬಾಯಿ ತೆರೆದಳು.

ಉಷ್ಣ ಅಲ್ವೇನಮ್ಮ ಎನ್ನಲಿಲ್ಲ. ಅರ್ಧ ಕೊಡು ಎನ್ನಲಿಲ್ಲ. ಒದೆಯಲೂ ಇಲ್ಲ. ಸುಮ್ಮನೆ ಹಕ್ಕಿಮರಿಯ ಹಾಗೆ ಬಾಯಿ ತೆರೆದು ಕಣ್ಣು ಮುಚ್ಚಿಕೊಂಡಿದ್ದಳು. ಚಮಚ ತುಟಿಯಿಂದ ಬೆರಳಗಲ ದೂರದಲ್ಲಿತ್ತು. ಇಷ್ಟು ಹಾಕಿಬಿಟ್ಟರೆ ಪಾಸು! ತಿಪಟೂರು, ಬಿಳಿ ಕೋಟು, ಅಮ್ಮಿಯ ನಗು. ರಬ್ಬರಿನ ಬಾಯಿ, ಪೆಪ್ಪರಮೆಂಟಿನ ಮಾತ್ರೆ, ಟ್ಯಾಂಕಿನ ನೀರು. ಇದರಲ್ಲಿ ಸಾಯುವವರು ಯಾರು?

ಆದರೆ ಕೈ ಮುಂದಕ್ಕೆ ಹೋಗಲಿಲ್ಲ. ಎಷ್ಟು ಹೇಳಿದರೂ ಹೋಗಲಿಲ್ಲ! ಅವಳಿಗೆ ತನ್ನ ಕೈಯ ಮೇಲೇ ಅಳು ಬರುವಷ್ಟು ಸಿಟ್ಟು ಬಂತು.

ಚಮಚ ಕೆಳಗಿಟ್ಟಳು. "ಅಜ್ಜಿ, ಇವತ್ತು ಈ ಮಾತ್ರೆ ಆಗಲೇ ತಗೊಂಡಿದೀರಾ?"

ಅಜ್ಜಿಯ ಕಣ್ಣುಗಳು ಫಕ್ಕನೆ ತೆರೆದವು. ಹಾಲಿನಲ್ಲಿ ಬೆಳಗಿನಿಂದ ಯಾರೂ ಕೇಳಿರದ ಪ್ರಶ್ನೆ ಅದು!

"ತಗೊಂಡಿದೀನಾ ಅಂತಾಳೆ! ಬೆಳಗಿಂದ ಅದೇ ಕೆಲಸ ಕಣಮ್ಮ ನಂದು! ನಿಮ್ಮ ಕ್ಲಾಸಿನವರೆಲ್ಲ ಒಬ್ಬೊಬ್ಬರೇ ಬಂದು ಹಾಕಿಹೋದರು. ನೀನೂ ಹಾಕಮ್ಮ, ನಿಂದೊಂದು ಯಾಕೆ ಬಾಕಿ?"

ಕಲ್ಲೇಶಪ್ಪ ಮೇಷ್ಟ್ರ ಕೈಯಿಂದ ಮಾಪು ನೀರಿಗೆ ಬಿತ್ತು.

ಜರೀನಾ ಆಮೇಲೆ ಯಾರ ಮುಖವನ್ನೂ ನೋಡಲಿಲ್ಲ. ಬಿಪಿ ಪಟ್ಟಿ ಕಟ್ಟಿದಳು, ಪಾತಾಳಕ್ಕಿಳಿದಿತ್ತು. ನಾಡಿ ಹಿಡಿದಳು, ತೆಳ್ಳಗೆ ದೌಡಾಯಿಸುತ್ತಿತ್ತು. ಪಾದ ಒತ್ತಿ ನೋಡಿದಳು. ಊತದ ಸುಳಿವೇ ಇಲ್ಲ. ದಿಂಬು ತೆಗೆದು ಕಾಲಿನ ಕೆಳಗಿಟ್ಟು, "ಅಜ್ಜಿ, ಏಳಬೇಡಿ, ಎದ್ದರೆ ಬೀಳ್ತೀರ. ನಾನಿಲ್ಲೇ ಇದೀನಿ," ಎಂದಳು. ಮಾತ್ರೆಯನ್ನು ಟ್ರೇಯ ಆಚೆ ತುದಿಗೆ ಸರಿಸಿ ಮೇಡಂ ಕಡೆ ತಿರುಗಿದಳು.

"ಮೇಡಂ, ನಾನು ಈ ಮಾತ್ರೆ ಕೊಡಲ್ಲ. ಡಾಕ್ಟರಿಗೆ ಈಗಲೇ ಹೇಳ್ಬೇಕು. ಡೋಸು ಬಹಳ ಮೀರಿದೆ, ಬಿಪಿ ಬಿದ್ದಿದೆ, ಕಾಲು ಸೆಳೀತಿದೆ. ರಕ್ತದಲ್ಲಿ ಪೊಟ್ಯಾಷಿಯಂ ನೋಡಬೇಕು. ಬಾಯಾರಿಕೆ ಅಂತಿದಾರೆ, ಎಷ್ಟು ಕುಡಿಸಬಹುದು ಅಂತ ಅವರನ್ನೇ ಕೇಳಬೇಕು."

"ಡಾಕ್ಟರ್ ನಾನ ಅಂತ ತಿಳಕೊ. ನಾ ಬರದದ್ದು ಎಂಟಕ್ಕ ಒಂದು ಮಾತ್ರಿ. ಗಡಿಯಾರದಾಗ ಎಂಟು ಆಗೇದ. ಕೊಡು ಅಂತ ನಾ ಹೇಳ್ತೀನಿ. ಏನ್ ಮಾಡ್ತಿ?"

"ಕೊಡಲ್ಲ ಮೇಡಂ. ನೀವೊಂದ್ಸಲ ಬಂದು ರೋಗಿನ ನೋಡಿ ಅಂತೀನಿ." ಜರೀನಾಳ ಕಣ್ಣು ತುಂಬಿತ್ತು. "ಗಡಿಯಾರ ರಟ್ಟಿಂದು ಮೇಡಂ."

ಸ್ಟಾಪ್‌ವಾಚು ಕಿರ್ರೆಂದಿತು. ಹತ್ತು ನಿಮಿಷ ಮುಗಿಯಿತು. ಮಾತ್ರೆ ಟ್ರೇಯಲ್ಲೇ ಇತ್ತು, ಹೋದ ವರ್ಷದ ಹಾಗೆಯೇ!

ದೇಶಪಾಂಡೆ ಮೇಡಂ ಕನ್ನಡಕ ಏರಿಸಿ ಅಂಕದ ಹಾಳೆಯನ್ನು ಓದಿದರು. "ಮಾತ್ರಿ ಕೊಟ್ಟದ್ದಕ್ಕ ಇಷ್ಟ ಅಂಕ, ನೀರು ಕುಡಿಸಿದ್ದಕ್ಕ ಇಷ್ಟ ಅಂಕ ಅಂತ ಬರದಾರ. ಕೊಡದ ಇದ್ದದ್ದಕ್ಕ ಎಷ್ಟು ಅಂತ ಯಾವ ಪುಣ್ಯಾತ್ಮನೂ ಬರದಿಲ್ಲಲ್ಲ!"

"ಮೇಡಂ, ತಪ್ಪು ನನ್ನದು," ಎಂದರು ಮೇಷ್ಟ್ರು ಹುಳ್ಳಗೆ. "ಈ ಹುಡುಗಿ ಬಟನ್ ಎಲ್ಲಿ ಅಂತ ನಿನ್ನೇನೇ ಕೇಳಿದಳು."

"ನೀವ್ ಸುಮ್ಮನಿರ್ರಿ! ನಿಮ್ಮ ಪರೀಕ್ಷಾ ಆಮ್ಯಾಲೆ ಮಾಡ್ತೀನಿ!"

ಅಷ್ಟರಲ್ಲಿ ಮಂಚದ ಮೇಲೆ ಅಜ್ಜಿ ಗಂಟಲು ಸರಿಮಾಡಿಕೊಂಡಳು. ಮೇಷ್ಟ್ರ ಯಂತ್ರ ಮರೆಯುವ ಜಾತಿಯದಲ್ಲ. ಬೆಳಗಿನಿಂದ ಯಾರೂ ಕೇಳದೆ ಒಳಗೇ ಕೂಡಿಟ್ಟುಕೊಂಡದ್ದು, ಒಬ್ಬಳು ಕೇಳಿದ್ದೇ ತಡ, ಕಟ್ಟೆ ಒಡೆಯಿತು.

"ಕೇಳಮ್ಮ, ಎಲ್ಲಾ ಹೇಳ್ತೀನಿ. ಮೊದಲು ಬಂದ ಹುಡುಗಿ ನನ್ನ ಹೆಸರೂ ಕೇಳಲಿಲ್ಲ, ಪಟ್ಟೀನೂ ನೋಡಲಿಲ್ಲ. ಆಮೇಲೆ ಬಂದವನು ಚುರುಮುರಿ ತಿಂದ ಕೈಯಲ್ಲೇ ಮಾತ್ರೆ ಹಿಡಿದ, ಈರುಳ್ಳಿ ವಾಸನೆ! ಆ ಪೈಲ್ವಾನ ಇದ್ದಾನಲ್ಲ, ಅಂಗಾತ ಮಲಗಿದವಳ ಬಾಯಿಗೆ ಮಾತ್ರೆ ಎಸೆದ. ಗಂಟಲಲ್ಲಿ ಸಿಕ್ಕಿ ನಾನು ಸತ್ತಿದ್ದರೆ? ಅದಕ್ಕೇ ಒದ್ದೆ!"

"ಸೆಳೆತ ಅಲ್ವಾ ಅದು?" ಎಂದರು ಮೇಷ್ಟ್ರು.

"ಸೆಳೆತ ಅರ್ಧ, ಸಿಟ್ಟು ಅರ್ಧ! ಇನ್ನು ಆ ಚುರುಕು ಹುಡುಗಿ..." ಅಜ್ಜಿ ಕೆನ್ನೆ ಉಬ್ಬಿಸಿ ಥೂ ಎಂದಳು. ಪೆಪ್ಪರಮೆಂಟು ಹಾರಿ ಬಂದು ದೇಶಪಾಂಡೆ ಮೇಡಂ ಮಡಿಲಲ್ಲಿ ಬಿತ್ತು. "ಅವಳದು ದವಡೇಲೇ ಇತ್ತು. ನಾನು ನುಂಗೋ ಮುಂಚೇನೇ ಸಹಿ ಮಾಡಿ ಓಡಿಹೋದಳು. ಇವತ್ತು ನನಗೆ ಒಗ್ಗಿದ ಮಾತ್ರೆ ಅದೊಂದೇ!"

ಮೇಡಂ ಮುಖ ಕೆಂಪಾಯಿತು. ಅಜ್ಜಿಯ ಕಣ್ಣು ಈಗ ಅವರ ಮೇಲೆ ಬಿತ್ತು.

"ಆ ಕುರ್ಚಿ ಮೇಲಿನ ಅಮ್ಮನೂ ಕಡಿಮೆ ಇಲ್ಲ! ಹನ್ನೊಂದು ಗಂಟೆಗೆ ತಲೆನೋವಿನ ಮಾತ್ರೆ ಎರಡು ನುಂಗಿದರು, ಖಾಲಿ ಹೊಟ್ಟೇಲಿ, ಟೀ ಜೊತೆ! ಒಂದು ಗಂಟೆಗೆ ಎದೆಯುರಿ ಅಂತ ಇನ್ನೊಂದು! ಯಾರಮ್ಮ ನಿಮಗೆ ಬರೆದುಕೊಟ್ಟಿದ್ದು?"

"ನನಗ ನಾನ ಬರಕೊಂಡೆ! ನಿನಗ್ಯಾಕ ಬೇಕ ಅದು?" ಎಂದು ಮೇಡಂ ಬೊಂಬೆಯ ಜೊತೆ ಜಗಳಕ್ಕೇ ಇಳಿದರು.

"ಎದೆಯುರಿ ಯಾಕೆ ಬಂತು ಅಂತ ಯೋಚನೆ ಮಾಡಿದಿರಾ?"

ಮೇಡಂ ಮಾತ್ರೆಯ ಪಟ್ಟಿಯನ್ನು ಬ್ಯಾಗಿನೊಳಗೆ ತುರುಕಿದರು. ಪ್ರೊಫೆಸರಾಗಿ ಇಷ್ಟು ವರ್ಷಗಳಲ್ಲಿ ಅವರಿಗೆ ಉತ್ತರ ಹೊಳೆಯದ ಮೊದಲ ವೈವಾ ಅದು.

"ಈ ಮೀಸೆ ಅಳಿಯಂದ್ರು ಬಿಪಿ ಮಾತ್ರೆ ನುಂಗಿ ವಾರ ಆಯ್ತು," ಎಂದು ಅಜ್ಜಿ ಮುಂದುವರಿಸಿದಳು. "ಜೇಬಲ್ಲೇ ಇಟ್ಕೊಂಡು ಓಡಾಡ್ತಾರೆ, ಮಾತ್ರೆ ಬಟ್ಟೆಯಿಂದಾನೇ ಮೈಯೊಳಗೆ ಇಳಿಯುತ್ತೆ ಅನ್ನೋ ಹಾಗೆ!"

"ಆಫ್ ಮಾಡ್ತೀನಿ ಮೇಡಂ, ಈಗಲೇ ಆಫ್!" ಎಂದು ಕಲ್ಲೇಶಪ್ಪನವರು ಮಂಚದ ಕೆಳಗಿನ ಸ್ವಿಚ್ಚಿನ ಕಡೆ ಧಾವಿಸಿದರು. ಅಜ್ಜಿ ಗಕ್ಕನೆ ಅವರ ಮಣಿಕಟ್ಟು ಹಿಡಿದಳು.

"ಆಫ್ ಮಾಡೋಕೆ ಡಾಕ್ಟರ ಆರ್ಡರ್ ಇದೆಯಾ? ಯಾರ ಹೆಸರಿಗೆ? ಎಷ್ಟು ಹೊತ್ತಿಗೆ? ಯಾವ ಮಾರ್ಗದಲ್ಲಿ?"

ಮೇಷ್ಟ್ರು ಆಚೆ ಈಚೆ ಎಳೆದಾಡಿದರು. ಹಿಡಿತ ಸಡಿಲವಾಗಲಿಲ್ಲ. ಹಿಡಿದ ಕೈಯಲ್ಲೇ ಅಜ್ಜಿ ಅವರ ನಾಡಿ ಎಣಿಸತೊಡಗಿದಳು. "ಕುಣೀತಿದೆ! ಮಲಗಿಸಿ ಇವರನ್ನ!"

ದೇಶಪಾಂಡೆ ಮೇಡಂ ಕುರ್ಚಿಯಿಂದಿಳಿದು ನೀರಿನಲ್ಲಿ ನಿಂತರು. ಹೊಸ ಸೀರೆಯ ಅಂಚು ತೇಲುತ್ತಿತ್ತು. ಅವರು ಅದನ್ನು ಲೆಕ್ಕಿಸದೆ ಜರೀನಾಳನ್ನೇ ನೋಡುತ್ತ ನಿಂತರು. ಜರೀನಾ ಮಾತ್ರ ಅಜ್ಜಿಯ ಇನ್ನೊಂದು ಕೈ ಹಿಡಿದುಕೊಂಡು ಮತ್ತೆ ಬಿಪಿ ನೋಡುತ್ತಿದ್ದಳು. ಹೇಗೂ ಫೇಲಾಗಿದೆ, ರೋಗಿಯನ್ನಾದರೂ ಅರ್ಧಕ್ಕೆ ಬಿಟ್ಟು ಹೋಗುವುದು ಬೇಡ ಎಂದು ಅವಳ ಲೆಕ್ಕ.

"ಏ ಹುಡುಗಿ, ಇಲ್ಲೆ ನೋಡು. ನನಗ ಅರವತ್ತು ಹತ್ರ ಬಂತು. ಇನ್ನ ಹತ್ತು ವರ್ಷಕ್ಕ ನಾನೂ ಹಿಂಗ ಎಲ್ಲೋ ಒಂದು ವಾರ್ಡಿನಾಗ ಕಾಲು ಬಾತು ಮಲಗಿರತೀನಿ. ಆವಾಗ ಮಾತ್ರಿ ಹಿಡಕೊಂಡು ಯಾರು ಬರಬೇಕು ಅಂತ ಯೋಚನಿ ಮಾಡಿದೆ." ಅವರು ಹಾಳೆಯ ಮೇಲೆ ಪೆನ್ನಾಡಿಸಿದರು. "ನೀ ಬಾ. ಪಾಸ್!"

ಜರೀನಾ ಗೌರಜ್ಜಿಯ ಕೈ ಹಿಡಿದುಕೊಂಡೇ ಭೋ ಎಂದು ಅತ್ತುಬಿಟ್ಟಳು, ಖುಷಿಗೆ! "ಅಯ್ಯೋ, ಇವಳ್ಯಾಕೆ ಅಳ್ತಾಳೆ? ಇವಳಿಗೂ ಯಾರೋ ಏನೋ ಕೊಟ್ಟಿದಾರೆ!" ಎಂದು ಅಜ್ಜಿ ಗಾಬರಿಯಾದಳು.

ಊಟದ ಹಾಲಿನಲ್ಲಿ ಲಡ್ಡು ಹಂಚಿಕೊಂಡು ಕೂತಿದ್ದವರಿಗೆ ಸುದ್ದಿ ಮುಟ್ಟಿದಾಗ ಎದ್ದ ಕೋಲಾಹಲವನ್ನು ವರ್ಣಿಸುವುದು ಬೇಡ. ಜರೀನಾಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಮತ್ತೆ ಪರೀಕ್ಷೆ! ಅದೂ ಯಾವಾಗ? ಅಜ್ಜಿಯ ಮೈಯಿಂದ ಅಷ್ಟೂ ಡೋಸು ಇಳಿದು, ಬಿಪಿ ಸರಿಹೋದ ಮೇಲೆ. ಯಂತ್ರವನ್ನು ಆರಿಸುವಂತಿಲ್ಲ, ಮರೆಸುವಂತಿಲ್ಲ. ಹಾಗಾಗಿ ಇಡೀ ಕ್ಲಾಸು ಪಾಳಿಯ ಮೇಲೆ ರಬ್ಬರಿನ ಮುದುಕಿಯ ಆರೈಕೆಗೆ ನಿಂತಿತು. ಮಹಾಲಿಂಗ ಕಾಲು ನೀವಿದ. ರತ್ನಪ್ರಭಾ ಪ್ರತಿ ಗಂಟೆಗೂ ನಾಡಿ ನೋಡಿದಳು, ನೋಡಿದ ಮೇಲೆಯೇ ಸಹಿ ಮಾಡಿದಳು. ಸಂಜೆಯಾದರೂ ಕೈ ಬಿಡಿಸಿಕೊಳ್ಳಲಾಗದ ಕಲ್ಲೇಶಪ್ಪನವರು ಪಕ್ಕದ ಮಂಚದಲ್ಲಿ ಮಲಗಿ, ಅಜ್ಜಿಯ ಕಣ್ಣೆದುರಿಗೇ ಬಿಪಿ ಮಾತ್ರೆ ನುಂಗಿ, ಕೆನ್ನೆ ತೆರೆದು ತೋರಿಸಿದರು.

ಜರೀನಾ ಗೇಟಿನ ಹೊರಗೆ ಬಂದು ಅಮ್ಮಿಗೆ ಫೋನ್ ಮಾಡಿದಳು. ಆ ಕಡೆಯಿಂದ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಅಮ್ಮಿ, ಪಾಸಾದೆ!"

"ನಿಜವಾಗ್ಲೂ? ಏನ್ ಮಾಡಿದೆ ಬೇಟಿ?"

ಜರೀನಾ ಯೋಚಿಸಿದಳು. "ಏನೂ ಮಾಡಲಿಲ್ಲ ಅಮ್ಮಿ. ಮಾತ್ರೆ ಕೊಡಬೇಕಿತ್ತು, ಕೊಡಲಿಲ್ಲ."

"ಮತ್ತೆ ಮಿಕ್ಕವರು?"

"ಅವರೆಲ್ಲ ಕೊಟ್ಟರು. ಫೇಲಾದರು."

"ಎಂಥ ಕಾಲೇಜಿಗೆ ಸೇರಿಸಿದೆನೋ," ಎಂದು ಅಮ್ಮಿ ಮತ್ತೆ ಹೊಲಿಗೆಗೆ ಕೂತಳು.